ಹೊಸ ಗಾಡಿಯ ಮೇಲೆ ತೀರ್ಪು

ವಿದ್ಯುತ್ ಸ್ಕೂಟರ್ ಕೊಳ್ಳುವವರು ಮೂರು ಅಂಕಿ ತಿಳಿದುಕೊಂಡರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಸೊನ್ನೆಯಿಂದ 40ರ ವೇಗಕ್ಕೆ ಎಷ್ಟು ಸೆಕೆಂಡಿನಲ್ಲಿ ಏರುತ್ತದೆ, ಗರಿಷ್ಠ ವೇಗ ಎಷ್ಟು. ವಾಹನ ಪತ್ರಿಕೆಗಳೂ ವಿಡಿಯೊ ವಿಮರ್ಶಕರೂ ಈ ಮೂರರ ಸುತ್ತಲೇ ತೀರ್ಪು ಕಟ್ಟುತ್ತಾರೆ. ಕಂಪನಿ ಕರೆದ ಊರಿಗೆ ಹೋಗಿ, ಕಂಪನಿ ಕೊಟ್ಟ ಹೊಚ್ಚಹೊಸ ಗಾಡಿಯನ್ನು ಅರ್ಧ ದಿನ ಓಡಿಸಿ, ಹತ್ತಕ್ಕೆ ಎಂಟೋ ಒಂಬತ್ತೋ ಅಂಕ ಕೊಟ್ಟು ಬರುತ್ತಾರೆ. ಓದುಗರು ಅದನ್ನು ಪರೀಕ್ಷೆ ಎಂದು ನಂಬಿ ಲಕ್ಷ, ಒಂದೂವರೆ ಲಕ್ಷ ರೂಪಾಯಿಗೆ ಕಂತು ಕಟ್ಟಲು ಕೂರುತ್ತಾರೆ. ಈ ಪದ್ಧತಿ ಬುಡದಲ್ಲೇ ತಪ್ಪಿದೆ ಎಂಬುದು ನನ್ನ ವಾದ. ಇದೇ ಪರೀಕ್ಷೆಯನ್ನು ಇನ್ನಷ್ಟು ಚೆನ್ನಾಗಿ ಮಾಡಿ ಎಂದು ಬೇಡುತ್ತಿಲ್ಲ. ಅವರು ಅಳೆಯುತ್ತಿರುವ ವಸ್ತುವೇ ಬೇರೆ, ನಾವು ದುಡ್ಡು ಕೊಟ್ಟು ಮನೆಗೆ ತರುವ ವಸ್ತುವೇ ಬೇರೆ. ವಿದ್ಯುತ್ ಗಾಡಿಯ ನಿಜವಾದ ಗುಣ ತಿಳಿಯುವುದು ಅದು ಹಳತಾದ ಮೇಲೆ, ಓಡುವ ಊರಿನ ಮಳೆಯಲ್ಲಿ, ನಿಲ್ಲುವ ಕಟ್ಟಡದ ಪಾರ್ಕಿಂಗಿನಲ್ಲಿ, ಕೆಟ್ಟಾಗ ಸೇರುವ ಸರ್ವಿಸ್ ಸೆಂಟರಿನಲ್ಲಿ. ಈ ನಾಲ್ಕರಲ್ಲಿ ಒಂದನ್ನೂ ನೋಡದೆ ಕೊಡುವ ಅಂಕಕ್ಕೆ ಬೆಲೆಯಿಲ್ಲ.

ನಾನಿರುವುದು ನವಿ ಮುಂಬೈಯ ಸಾನಪಾಡಾದಲ್ಲಿ. ಒಂದು ಬದಿಗೆ ವಾಶಿ, ಇನ್ನೊಂದು ಬದಿಗೆ ಜುಯಿನಗರ, ಬೆನ್ನಿಗೆ ತುರ್ಭೆ ಮತ್ತು ಎಪಿಎಂಸಿ ಮಾರುಕಟ್ಟೆ, ಎದುರಿಗೆ ಪಾಮ್ ಬೀಚ್ ರಸ್ತೆ, ಅದರಾಚೆ ಕಾಂಡ್ಲಾ ಗಿಡಗಳು ಮತ್ತು ಥಾಣೆ ಖಾಡಿ. ಹಾರ್ಬರ್ ಲೈನೂ ಥಾಣೆಯಿಂದ ಬರುವ ಟ್ರಾನ್ಸ್ ಹಾರ್ಬರ್ ಲೈನೂ ಸಾನಪಾಡಾ ಸ್ಟೇಷನ್ನಿನಲ್ಲಿ ಕೂಡುತ್ತವೆ. ಹಾಗಾಗಿ ದೂರದ ಪಯಣವನ್ನು ಲೋಕಲ್ ರೈಲು ನೋಡಿಕೊಳ್ಳುತ್ತದೆ. ಸ್ಕೂಟರಿನ ಪಾಲಿಗೆ ಬರುವುದು ಮನೆಯಿಂದ ಸ್ಟೇಷನ್ನು, ಮಕ್ಕಳ ಶಾಲೆ, ತರಕಾರಿ, ಔಷಧಿ ಅಂಗಡಿ, ಭಾನುವಾರ ನೆರೂಲಿನಲ್ಲೋ ಐರೋಲಿಯಲ್ಲೋ ಇರುವ ನೆಂಟರ ಮನೆ. ಮುಂಬೈಗೆ ಗಾಡಿಯಲ್ಲೇ ಹೋಗುವವರಿಗೂ ವಾಶಿ ಸೇತುವೆಯೇ ಹತ್ತಿರದ ದಾರಿ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನ ಮೇಲೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಇಂಥ ಊರಿನ ಸವಾರನಿಗೆ ದಿನವೊಂದಕ್ಕೆ ಬೇಕಾಗುವ ದೂರ ಎಷ್ಟು? ಮಾರುಕಟ್ಟೆಯ ಅತಿ ಸಣ್ಣ ಬ್ಯಾಟರಿಯೂ ಅದನ್ನು ಪೂರೈಸುತ್ತದೆ. ಆದರೂ ಪ್ರತಿ ವಿಮರ್ಶೆಯ ಮೊದಲ ಸಾಲು ನೂರೈವತ್ತು ಕಿಲೋಮೀಟರಿನದೇ.

ಈ ಅಂಕಿ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ಹೇಳುವ ವಿಮರ್ಶಕರು ವಿರಳ. ಪ್ರಮಾಣೀಕೃತ ರೇಂಜ್ ಎಂದು ಜಾಹೀರಾತಿನಲ್ಲಿ ಕಾಣುವ ಸಂಖ್ಯೆ ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಗಳ ರೋಲರಿನ ಮೇಲೆ ಹುಟ್ಟುತ್ತದೆ. ಎಐಎಸ್-040 ಎಂಬ ಮಾನದಂಡದ ಪ್ರಕಾರ ಗಾಡಿ ಇಂಡಿಯನ್ ಡ್ರೈವಿಂಗ್ ಸೈಕಲ್ ಎಂಬ ನಿಗದಿತ ಓಟವನ್ನು ಬ್ಯಾಟರಿ ಸೋಲುವವರೆಗೆ ಮತ್ತೆಮತ್ತೆ ಓಡಬೇಕು. ಆ ಓಟದ ಒಂದು ಸುತ್ತು 108 ಸೆಕೆಂಡಿನದು. ದೂರ ಸುಮಾರು 658 ಮೀಟರ್. ಗರಿಷ್ಠ ವೇಗ ಗಂಟೆಗೆ 42 ಕಿಲೋಮೀಟರ್, ಸರಾಸರಿ ವೇಗ ಸುಮಾರು 22. ಇದನ್ನು ರೂಪಿಸಿದ್ದು 1980ರ ದಶಕದಲ್ಲಿ, ಹೊಗೆ ಅಳೆಯುವ ಅಗತ್ಯಕ್ಕಾಗಿ, ಅಂದಿನ ಗಾಡಿಗಳನ್ನೂ ಅಂದಿನ ಊರುಗಳನ್ನೂ ನೋಡಿ. ರೋಲರಿನ ಮೇಲೆ ಎದುರುಗಾಳಿಯಿಲ್ಲ, ಗುಂಡಿಯಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿಯಿಲ್ಲ, ಕಾಲಬಳಿ ಅಕ್ಕಿಯ ಚೀಲವಿಲ್ಲ. ಲೆಕ್ಕಕ್ಕೆ ಬರುವುದು ಒಬ್ಬನೇ ಸವಾರನ ಭಾರ.

ಈ ಪರೀಕ್ಷೆಯನ್ನು ನಾನು ದೂರುವುದಿಲ್ಲ. ಎರಡು ಗಾಡಿಗಳನ್ನು ಒಂದೇ ನಿಯಮದಲ್ಲಿ ಓಡಿಸಿ ಹೋಲಿಸಲು ಇಂಥದೊಂದು ಅಳತೆ ಬೇಕೇಬೇಕು. ಕೆಟ್ಟದ್ದು ನಡೆದದ್ದು ಅದನ್ನು ಮಾರಾಟದ ಮುಖ್ಯ ಅಂಕಿಯಾಗಿಸಿದಾಗ. ವಿದ್ಯುತ್ ವಾಹನಗಳಿಗೆ ಕೇಂದ್ರ ಸರ್ಕಾರ ನೆರವು ಕೊಟ್ಟ ಫೇಮ್ ಯೋಜನೆಯ, 2019ರಲ್ಲಿ ಆರಂಭವಾದ ಎರಡನೆಯ ಹಂತ ಸಬ್ಸಿಡಿಗೆ ಕನಿಷ್ಠ 80 ಕಿಲೋಮೀಟರ್ ರೇಂಜ್, ಕನಿಷ್ಠ 40 ಕಿಲೋಮೀಟರ್ ಗರಿಷ್ಠ ವೇಗ ಎಂಬ ಷರತ್ತು ಹಾಕಿತು. ಸಬ್ಸಿಡಿಯನ್ನು ಬ್ಯಾಟರಿಯ ಪ್ರತಿ ಕಿಲೋವಾಟ್-ಅವರಿಗೆ ಇಷ್ಟು ಎಂದು ಲೆಕ್ಕಹಾಕಿತು. ಬ್ಯಾಟರಿ ದೊಡ್ಡದಾದಷ್ಟೂ ಸಬ್ಸಿಡಿ ಹೆಚ್ಚು, ರೇಂಜ್ ಹೆಚ್ಚು, ಶೀರ್ಷಿಕೆಯೂ ದೊಡ್ಡದು. ಪೈಪೋಟಿ ಆ ಕಡೆಗೇ ಓಡಿತು, ವಿಮರ್ಶಕರು ಅದರ ಹಿಂದೆ ಓಡಿದರು. ಸವಾರನಿಗೆ ಏನು ಬೇಕು ಎಂದು ಕೇಳಿ ಗೆದ್ದ ಅಂಕಿ ಅದಲ್ಲ.

ಇದಕ್ಕೆ ವಿಮರ್ಶಕರ ಬಳಿ ಒಂದು ಉತ್ತರವಿದೆ. ನಾವು ಕಂಪನಿಯ ಸಂಖ್ಯೆಯನ್ನು ನಂಬಿ ಕೂರುವುದಿಲ್ಲ, ಗಾಡಿ ನಿಲ್ಲುವವರೆಗೆ ರಸ್ತೆಯಲ್ಲಿ ಓಡಿಸಿ ನಿಜವಾದ ರೇಂಜ್ ಹೇಳುತ್ತೇವೆ ಎನ್ನುತ್ತಾರೆ. ಕಂಪನಿಗಳಲ್ಲೂ ಕೆಲವು ಈ ಕಡೆಗೆ ಹೆಜ್ಜೆ ಇಟ್ಟಿವೆ. ಬೆಂಗಳೂರಿನ ಏಥರ್ 2022ರ 450ಎಕ್ಸ್ ಗಾಡಿಗೆ ಪ್ರಮಾಣೀಕೃತ 146 ಕಿಲೋಮೀಟರಿನ ಪಕ್ಕದಲ್ಲಿ ರಸ್ತೆಯಲ್ಲಿ ಸಿಗುವುದು 105 ಎಂದು ತಾನೇ ಹೇಳಿಕೊಂಡಿತು. ಅದು ಮೆಚ್ಚಬೇಕಾದ ನಡೆ. ಆದರೆ ವಿಮರ್ಶಕರು ಹೇಳುವ ನಿಜವಾದ ರೇಂಜ್ ಕೂಡ ಒಬ್ಬ ಮನುಷ್ಯ, ಒಂದು ದಿನ, ಒಂದು ರಸ್ತೆ, ಹೊಸ ಬ್ಯಾಟರಿ ಸೇರಿ ಹುಟ್ಟಿದ ಸಂಖ್ಯೆ. ಅದನ್ನು ಬೇರೊಬ್ಬರ ಬದುಕಿಗೆ ಹೊಂದಿಸಿಕೊಳ್ಳುವ ದಾರಿಯನ್ನು ಅವರು ಹೇಳಿಕೊಡುವುದಿಲ್ಲ.

ಹೇಳಿಕೊಡುವುದು ಕಷ್ಟವೂ ಅಲ್ಲ. ನಮ್ಮಲ್ಲಿ ಎಲ್ಲರೂ ಹೆದರುವುದು ಏರಿಗೆ. ಮಹಾಪೆಯಿಂದ ಪಾರ್ಸಿಕ್ ಗುಡ್ಡ ಹತ್ತಿ ಶಿಳ್‌ಫಾಟಾ ದಾಟಿ ಡೊಂಬಿವಲಿಗೆ ಹೋದರೆ ಬ್ಯಾಟರಿ ಬರಿದಾಗುತ್ತದೆ ಎಂದು ಎಷ್ಟೋ ಮಂದಿ ನನಗೆ ಹೇಳಿದ್ದಾರೆ. ಲೆಕ್ಕ ಹಾಕಿ ನೋಡೋಣ. ಗಾಡಿ, ಇಬ್ಬರು ಸವಾರರು, ಸಾಮಾನು ಎಲ್ಲ ಸೇರಿ 250 ಕಿಲೋ ಎಂದಿಟ್ಟುಕೊಳ್ಳಿ. ಏರನ್ನು ಧಾರಾಳವಾಗಿ 100 ಮೀಟರ್ ಎಂದೇ ಹಿಡಿಯಿರಿ. ಅಷ್ಟು ಭಾರವನ್ನು ಅಷ್ಟೆತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ 68 ವಾಟ್-ಅವರ್. ಮೋಟಾರಿನ ನಷ್ಟ ಸೇರಿಸಿದರೂ ನೂರು ಮುಟ್ಟುವುದಿಲ್ಲ. ಕಿಲೋಮೀಟರಿಗೆ ಮೂವತ್ತು ವಾಟ್-ಅವರ್ ತಿನ್ನುವ ಗಾಡಿಗೆ ಇದು ಮೂರು ಕಿಲೋಮೀಟರಿನ ಖರ್ಚು. ಇನ್ನು ಸಮತಟ್ಟಾದ ಪಾಮ್ ಬೀಚ್ ರಸ್ತೆಗೆ ಬನ್ನಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40ರಲ್ಲಿ ಹೋಗುವವನು 60ಕ್ಕೆ ಏರಿಸಿದರೆ ಗಾಳಿಯನ್ನು ಸೀಳುವ ಖರ್ಚು ಎರಡೂಕಾಲು ಪಟ್ಟು. ವಾಶಿಯಿಂದ ಬೇಲಾಪುರದವರೆಗೆ ಆ ಒಂದೇ ರಸ್ತೆಯಲ್ಲಿ 60ರಲ್ಲಿ ಹೋದರೆ ಹೆಚ್ಚಿಗೆ ಸುಡುವ ವಿದ್ಯುತ್ತು, ನನ್ನ ಅಂದಾಜಿನಲ್ಲಿ, ಪಾರ್ಸಿಕ್ ಏರಿಗೆ ತಗಲುವುದಕ್ಕಿಂತ ಹೆಚ್ಚು. ಗುಡ್ಡಕ್ಕೆ ಅಂಜುವ ಸವಾರನಿಗೆ, ಅಂಜಬೇಕಾದ್ದು ನಿನ್ನ ಬಲಗೈ ತಿರುವಿಗೆ ಎಂದು ಹೇಳಬೇಕಾದ ಕೆಲಸ ವಿಮರ್ಶಕನದು. ಎರಡೇ ಅಂಕಿ ಸಾಕಾಗಿತ್ತು: 40ರ ಸ್ಥಿರ ವೇಗದಲ್ಲಿ ಕಿಲೋಮೀಟರಿಗೆ ಎಷ್ಟು ವಾಟ್-ಅವರ್, 60ರಲ್ಲಿ ಎಷ್ಟು. ಅವು ಇದ್ದರೆ ಯಾರು ಬೇಕಾದರೂ ತಮ್ಮ ದಾರಿಯ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು. ಅವನ್ನು ಅಚ್ಚುಮಾಡಿದ ವಿಮರ್ಶೆ ಹುಡುಕಿದರೂ ಸಿಗುವುದು ಅಪರೂಪ.

ಬ್ಯಾಟರಿಯ ಮೇಲ್ತುದಿಗಿಂತ ಕೆಳತುದಿ ಮುಖ್ಯ ಎಂಬುದೂ ಯಾರಿಗೂ ಹೊಳೆದಂತಿಲ್ಲ. ಕೊನೆಯ ಇಪ್ಪತ್ತು ಪರ್ಸೆಂಟಿನಲ್ಲಿ ಗಾಡಿ ಹೇಗೆ ನಡೆದುಕೊಳ್ಳುತ್ತದೆ? ವೇಗವನ್ನು ತಾನಾಗಿ ತಗ್ಗಿಸುತ್ತದೆಯೇ, ತಗ್ಗಿಸಿದರೆ ಎಷ್ಟಕ್ಕೆ? ಸಾಯನ್-ಪನ್ವೇಲ್ ಹೆದ್ದಾರಿಯ ಮಧ್ಯದಲ್ಲಿ, ಹಿಂದೆ ಲಾರಿ ಬರುತ್ತಿರುವಾಗ, ಗಾಡಿ ಏಕಾಏಕಿ ನಿಧಾನವಾಗುವುದು ರೇಂಜಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಪರದೆಯಲ್ಲಿ ಇನ್ನೂ ಹನ್ನೆರಡು ಕಿಲೋಮೀಟರ್ ಎಂದು ತೋರಿಸಿದ್ದು ಇಬ್ಬರು ಕೂತಾಗ, ಮಳೆ ಬಂದಾಗ, ಏಳಕ್ಕೆ ಇಳಿಯುತ್ತದೆಯೇ? ಪರದೆಯ ಅಂಕಿಯ ಮೇಲೆ ಭರವಸೆ ಉಳಿದರೆ 80 ಕಿಲೋಮೀಟರಿನ ಗಾಡಿಯಲ್ಲೂ ನೆಮ್ಮದಿಯಾಗಿ ಬದುಕಬಹುದು. ಅದು ಹೋದರೆ 180ರದ್ದರಲ್ಲೂ ಸವಾರನ ಕಣ್ಣು ಪರದೆಯ ಮೇಲೇ ಇರುತ್ತದೆ.

ಸೊನ್ನೆಯಿಂದ 40ರ ಸೆಕೆಂಡುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಿಗ್ನಲ್ ಬಿಟ್ಟಾಗ ಜಿಗಿಯುವ ಗುಣ ಎಲ್ಲ ವಿದ್ಯುತ್ ಮೋಟಾರಿಗೂ ಹುಟ್ಟಿನಿಂದಲೇ ಇದೆ. ಅದರ ಕಾಲು ಸೆಕೆಂಡಿನ ವ್ಯತ್ಯಾಸದಿಂದ ಶಾಲೆಗೆ ಮಗು ಬಿಡುವ ತಾಯಿಗೆ ಆಗುವ ಉಪಕಾರ ಏನೂ ಇಲ್ಲ. ಪರದೆಯ ಅಗಲ, ಹಾಡು ಕೇಳುವ ಸೌಕರ್ಯ, ನಕ್ಷೆಯ ಬಣ್ಣ, ಇವಕ್ಕೆ ಮೀಸಲಾಗುವ ನಿಮಿಷಗಳನ್ನು ಮಡ್‌ಗಾರ್ಡಿಗೆ ಕೊಟ್ಟಿದ್ದರೂ ಓದುಗ ಋಣಿಯಾಗಿರುತ್ತಿದ್ದ.

ಮಳೆಯ ವಿಷಯದಲ್ಲಿ ಮಾತ್ರ ಸುಮ್ಮನಿರಲಾಗದು. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ ನಮ್ಮದು, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಸಿಡ್ಕೊ ಈ ನಗರವನ್ನು ಖಾಡಿಯ ಅಂಚಿನ ತಗ್ಗು ನೆಲದಲ್ಲಿ ಕಟ್ಟಿತು. ನೀರನ್ನು ಹಿಡಿದಿಟ್ಟು ಇಳಿತದ ಹೊತ್ತಿನಲ್ಲಿ ಖಾಡಿಗೆ ಬಿಡುವ ಕೊಳಗಳನ್ನು ಡಚ್ಚರ ಮಾದರಿಯಲ್ಲಿ ಮಾಡಿತು. ಭಾರೀ ಮಳೆಯೂ ಭರತವೂ ಒಟ್ಟಿಗೆ ಬಂದ ದಿನ ನೀರು ಹೋಗಲು ದಾರಿಯಿಲ್ಲದೆ ರಸ್ತೆಯಲ್ಲೂ ಅಂಡರ್‌ಪಾಸಿನಲ್ಲೂ ನಿಲ್ಲುತ್ತದೆ. ಇಂಥ ಊರಿನ ಗಿರಾಕಿಗೆ ಶೋರೂಮಿನವರು ಕೊಡುವ ಉತ್ತರ ಒಂದೇ: ಐಪಿ67 ಇದೆ, ಹೆದರಬೇಡಿ. ವಿಮರ್ಶಕರೂ ಅದನ್ನೇ ಉರುಹೊಡೆದು ಒಪ್ಪಿಸುತ್ತಾರೆ.

ಐಪಿ67 ಎಂದರೆ ಧೂಳು ಒಳಗೆ ಹೋಗದು, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೇಡಾಗದು ಎಂದು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ ಎಂದರ್ಥ. ನಿಂತ ನೀರು, ಸಿಹಿನೀರು, ಹೊಸ ಸೀಲು. ಗಾಡಿ ಓಡುತ್ತಾ ಅದುರುವಾಗ, ಸೀಲಿನ ರಬ್ಬರ್ ಎರಡು ಬೇಸಿಗೆ ಕಂಡ ಮೇಲೆ, ಉಪ್ಪು ಬೆರೆತ ನೀರಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಆ ಸಂಖ್ಯೆಯಲ್ಲಿ ಉತ್ತರವಿಲ್ಲ. ಇನ್ನೊಂದು ವಿಷಯವನ್ನು ತಿಳಿದವರೂ ಹೇಳುವುದಿಲ್ಲ. ರಭಸದಿಂದ ಬಡಿಯುವ ನೀರಿನ ಪರೀಕ್ಷೆಗೆ ಬೇರೆಯೇ ಸಂಖ್ಯೆಗಳಿವೆ. ಮುಳುಗಿಸಿದ ಪರೀಕ್ಷೆಯಲ್ಲಿ ಪಾಸಾದದ್ದು ಜೆಟ್ಟಿನ ಪರೀಕ್ಷೆಯಲ್ಲೂ ಪಾಸಾಯಿತು ಎಂದು ತಿಳಿಯುವಂತಿಲ್ಲ. ಹಾಗಿರುವಾಗ ಕೆಸರು ಮೆತ್ತಿದ ಗಾಡಿಯನ್ನು ನಾವು ಒಯ್ಯುವುದು ಪಂಪಿನ ಜೆಟ್ಟಿನಲ್ಲಿ ತೊಳೆಯುವ ವಾಷಿಂಗ್ ಸೆಂಟರಿಗೇ. ಮೇಲಾಗಿ ಆ ಐಪಿ ಸಂಖ್ಯೆ ಬ್ಯಾಟರಿ ಪೆಟ್ಟಿಗೆಗೆ ಸೇರಿದ್ದೇ, ಮೋಟಾರಿಗೂ ಸೇರಿದ್ದೇ, ಚಾರ್ಜಿಂಗ್ ಕಿಂಡಿಗೆ, ವೈರಿನ ಕನೆಕ್ಟರುಗಳಿಗೆ ಏನು ರಕ್ಷಣೆ ಎಂದು ಕೇಳಿ ಬರೆದವರನ್ನು ನಾನು ಕಾಣೆ. ಖಾಡಿಯ ಗಾಳಿ ಇಲ್ಲಿ ಕಿಟಕಿಯ ಸರಳನ್ನೂ ಏಸಿಯ ಹೊರ ಪೆಟ್ಟಿಗೆಯನ್ನೂ ತಿನ್ನುತ್ತದೆ. ಅದೇ ಗಾಳಿಯಲ್ಲಿ ಮೂರು ವರ್ಷ ನಿಂತ ಗಾಡಿಯ ಕನೆಕ್ಟರ್ ಬಿಚ್ಚಿ ಒಂದು ಫೋಟೊ ತೆಗೆದರೆ ಅದು ಹತ್ತು ಟ್ರ್ಯಾಕ್ ಓಟಗಳಿಗಿಂತ ಹೆಚ್ಚು ಹೇಳುತ್ತದೆ. ಬಿಸಿಲಿನಲ್ಲಿ, ಒಣ ನೆಲದಲ್ಲಿ, ಕಂಪನಿಯವರು ತಾವೇ ಗುಡಿಸಿಟ್ಟ ರಸ್ತೆಯಲ್ಲಿ ಗಾಡಿ ಓಡಿಸಿದವರು ಕೊಂಕಣದ ಮಳೆಗಾಲದ ಸವಾರನಿಗೆ ಕೊಳ್ಳಿ ಎಂದು ಹೇಳಲು ಹಕ್ಕುಳ್ಳವರಲ್ಲ.

ಚಾರ್ಜಿಂಗ್ ಎಂಬುದು ವಿಮರ್ಶೆಗಳಲ್ಲಿ ಒಂದು ಸಾಲು: ಸೊನ್ನೆಯಿಂದ 80 ಪರ್ಸೆಂಟಿಗೆ ಇಷ್ಟು ಗಂಟೆ. ಎಲ್ಲಿ ಎಂಬ ಪ್ರಶ್ನೆ ಅಲ್ಲಿ ಇಲ್ಲ. ಸಾನಪಾಡಾದಲ್ಲಿ ಸಿಡ್ಕೊ ಕಟ್ಟಿದ ಲಿಫ್ಟಿಲ್ಲದ ಹಳೆಯ ಕಟ್ಟಡಗಳಿವೆ, ಪಾಮ್ ಬೀಚ್ ಕಡೆಗೆ ಎತ್ತರದ ಟವರುಗಳಿವೆ, ನಡುವೆ ಹಳೆಯ ಗಾಂವ್‌ಠಾಣದ ಓಣಿಗಳಿವೆ. ಮೂರರಲ್ಲೂ ಚಾರ್ಜಿಂಗಿನ ಕಥೆ ಬೇರೆ. ನಾಲ್ಕನೆಯ ಮಹಡಿಯವರು ಕೆಳಗಿನ ಪಾರ್ಕಿಂಗಿಗೆ ವೈರ್ ಇಳಿಸುವಂತಿಲ್ಲ. ಸೊಸೈಟಿಯ ಮೀಟರಿನಿಂದ ಕೊಟ್ಟರೆ ಬಿಲ್ಲು ಯಾರದು ಎಂದು ಸಭೆಯಲ್ಲಿ ಜಗಳ. ಬೆಂಕಿಯ ಭಯ ಬೇರೆ. ಮನೆಯಲ್ಲಿ ಖಾಸಗಿಯಾಗಿ ಚಾರ್ಜ್ ಮಾಡಲು ಅನುಮತಿಯುಂಟು ಎಂದು ಕೇಂದ್ರದ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿತು. ಅದು ಕಾಗದದಿಂದ ಸೊಸೈಟಿಯ ಗೋಡೆಯ ಪ್ಲಗ್ಗಿಗೆ ಬಂದು ತಲುಪುವಷ್ಟರಲ್ಲಿ ಬಾಡಿಗೆ ಮನೆಯ ಎಷ್ಟೋ ಮಂದಿ ಗಾಡಿಯ ಆಸೆಯನ್ನೇ ಬಿಟ್ಟಿರುತ್ತಾರೆ. ಹಾಗಾಗಿ ಇಲ್ಲಿ ಕಳಚಿ ಮೇಲೆ ಒಯ್ಯುವ ಬ್ಯಾಟರಿ ಸೌಕರ್ಯವಲ್ಲ, ಕೊಳ್ಳುವುದೋ ಬೇಡವೋ ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಅದರ ತೂಕವೆಷ್ಟು, ಹಿಡಿ ಎಲ್ಲಿದೆ, ಐವತ್ತೈದರ ಹೆಂಗಸು ಮೂರು ಮಹಡಿ ಹತ್ತಿ ಒಯ್ಯಬಲ್ಲಳೇ ಎಂದು ನೋಡಿದ ವಿಮರ್ಶೆಯೇ ಇಲ್ಲಿಯವರಿಗೆ ಬೇಕಾದ ವಿಮರ್ಶೆ.

2024ರ ನವೆಂಬರಿನಲ್ಲಿ ಹೋಂಡಾ ಆ್ಯಕ್ಟಿವಾ ಇ ಹೊರಬಂದಾಗ ಈ ಕುರುಡು ಇನ್ನೂ ಢಾಳಾಗಿ ಕಂಡಿತು. ಅದರ ಬ್ಯಾಟರಿಗಳನ್ನು ಮನೆಯಲ್ಲಿ ಚಾರ್ಜ್ ಮಾಡುವಂತಿಲ್ಲ, ಕಂಪನಿಯ ಅದಲುಬದಲು ಕೇಂದ್ರಕ್ಕೆ ಹೋಗಿ ತುಂಬಿದ್ದನ್ನು ಪಡೆಯಬೇಕು. ಅಂದರೆ ಅದು ನಿಮ್ಮ ಮನೆಯ ಒಂದೆರಡು ಕಿಲೋಮೀಟರಿನೊಳಗೆ ಕೇಂದ್ರವಿದ್ದರೆ ಅತ್ಯುತ್ತಮ ಗಾಡಿ, ಇಲ್ಲದಿದ್ದರೆ ಗಾಡಿಯೇ ಅಲ್ಲ. ಅದಕ್ಕೆ ಇಡೀ ದೇಶಕ್ಕೆ ಸಲ್ಲುವ ಒಂದು ಅಂಕ ಕೊಡುವುದಾದರೂ ಹೇಗೆ? ಬಹುಮಂದಿ ಕೊಟ್ಟರು. ಸವಾರಿ ನಯ, ಬಣ್ಣ ಚೆಂದ, ಪ್ರಮಾಣೀಕೃತ ರೇಂಜ್ 102.

ಪೆಟ್ರೋಲ್ ಗಾಡಿಗಳ ಕಾಲದಲ್ಲಿ ಒಂದು ದಿನದ ಓಟದ ವಿಮರ್ಶೆಗೆ ಅರ್ಥವಿತ್ತು ಎಂದು ಒಪ್ಪುತ್ತೇನೆ. ಎಂಜಿನ್ ಹೇಗೆ ಸವೆಯುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ಓಣಿಯ ಮೆಕ್ಯಾನಿಕ್ ಎಷ್ಟಕ್ಕೆ ಸರಿಮಾಡುತ್ತಾನೆ ಎಂಬುದೆಲ್ಲ ಹತ್ತಾರು ವರ್ಷಗಳಿಂದ ಮನೆಮನೆಗೂ ತಿಳಿದಿತ್ತು. ವಿಮರ್ಶಕ ಹೇಳಬೇಕಾಗಿದ್ದುದು ಹೊಸ ಮಾದರಿಯಲ್ಲಿ ಏನು ಬದಲಾಗಿದೆ ಎಂಬುದನ್ನಷ್ಟೇ. ವಿದ್ಯುತ್ ಗಾಡಿಯಲ್ಲಿ ಆ ಹಿನ್ನೆಲೆಯ ತಿಳಿವು ಇಲ್ಲ. ಕಂಟ್ರೋಲರ್ ಕೆಟ್ಟರೆ ತುರ್ಭೆಯ ಮೆಕ್ಯಾನಿಕ್ ಕೈಯಾಡಿಸುವಂತಿಲ್ಲ, ಕಂಪನಿಯ ಸರ್ವಿಸ್ ಸೆಂಟರೇ ಗತಿ. ಮೇಲಿಂದ ಸಾಫ್ಟ್‌ವೇರ್. ರಾತ್ರೋರಾತ್ರಿ ಇಳಿಯುವ ಅಪ್‌ಡೇಟಿನಿಂದ ಗಾಡಿಯ ವೇಗ, ರೇಂಜ್, ಬ್ರೇಕಿನ ಜೊತೆಗಿನ ವಿದ್ಯುತ್ ಹಿಂಪಡೆತ ಎಲ್ಲವೂ ಬದಲಾಗಬಹುದು. ಜೂನ್‌ನಲ್ಲಿ ಅವರು ಹೊಗಳಿದ ಗಾಡಿ ಡಿಸೆಂಬರಿನಲ್ಲಿ ನಿಮ್ಮ ಕೈಯಲ್ಲಿರುವ ಗಾಡಿಯೇ ಎಂದು ಹೇಳಲು ಬರುವುದಿಲ್ಲ. ಹಳೆಯ ಪದ್ಧತಿಯನ್ನು ಹೊಸ ವಸ್ತುವಿಗೆ ಹೊಲಿದದ್ದೇ ಎಲ್ಲ ಎಡವಟ್ಟಿನ ಮೂಲ.

ಇದರ ಬೆಲೆ ತೆತ್ತದ್ದು ಯಾರು ಎಂದು ನೆನಪಿಸಿಕೊಳ್ಳಬೇಕು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿತು. ವೆಲ್ಲೂರಿನಲ್ಲಿ ಮಾರ್ಚ್ ಕೊನೆಯಲ್ಲಿ ತಂದೆ ಮತ್ತು ಮಗಳು ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರ್ ಶೋರೂಮಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, ಮೇಲಿನ ಹೋಟೆಲಿನಲ್ಲಿದ್ದ ಎಂಟು ಮಂದಿ ಸತ್ತರು. ಇದಾದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮವನ್ನು ಬಿಗಿಗೊಳಿಸಿ 2022ರ ಡಿಸೆಂಬರಿನಿಂದ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತಗಳಲ್ಲಿ ಜಾರಿಗೆ ತಂದರು. ಆ ಬೇಸಿಗೆಗೆ ಮುಂಚಿನ ವಿಮರ್ಶೆಗಳಲ್ಲಿ ಬ್ಯಾಟರಿಯ ಕೋಶಗಳು ಯಾವ ರಸಾಯನದವು, ಬಿಸಿಯಾದಾಗ ಏನಾಗುತ್ತದೆ ಎಂಬ ಪ್ರಶ್ನೆ ಎಷ್ಟು ಜನ ಎತ್ತಿದ್ದರು? ಅಂದು ಅರ್ಧ ದಿನದ ಓಟದಲ್ಲಿ ಅದು ತಿಳಿಯುವಂತಿರಲಿಲ್ಲ ಎನ್ನುತ್ತಾರೆ. ನಾನು ಹೇಳುವುದೂ ಅದನ್ನೇ.

ಓಲಾ ಸ್ಕೂಟರಿನ ಮುಂದಿನ ಫೋರ್ಕ್ ವಿಚಾರ ಇನ್ನೊಂದು ನಿದರ್ಶನ. ಅದು ಮುರಿಯಿತು ಎಂಬ ದೂರುಗಳು ಬಂದದ್ದು ಗ್ರಾಹಕರು ಗುಂಡಿಗಳಲ್ಲಿ ತಿಂಗಳುಗಟ್ಟಲೆ ಓಡಿಸಿದ ಮೇಲೆ. ಸುರಕ್ಷತೆಯ ಆತಂಕಕ್ಕೆ ಆಧಾರವಿಲ್ಲ ಎನ್ನುತ್ತಲೇ 2023ರ ಮಾರ್ಚ್‌ನಲ್ಲಿ ಕಂಪನಿ ಅದನ್ನು ಉಚಿತವಾಗಿ ಬದಲಿಸಿಕೊಡಲು ಮುಂದಾಯಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದೇ ಕಂಪನಿಗೆ ನೋಟಿಸು ಕೊಟ್ಟಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದಿದ್ದ ದೂರುಗಳು 10,644. ಅವುಗಳಲ್ಲಿ 99.1 ಪರ್ಸೆಂಟ್ ಪರಿಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ಯಾರ ಮಾತು ಎಷ್ಟು ಸರಿ ಎಂಬ ವಿಚಾರಣೆ ಪ್ರಾಧಿಕಾರಕ್ಕೆ ಸೇರಿದ್ದು. ನನ್ನ ಮಾತು ವಿಮರ್ಶಕರಿಗೆ: ಸರ್ವಿಸ್ಸಿನ ಬಗ್ಗೆ ಸಹಾಯವಾಣಿಗೆ ತಿಳಿದದ್ದು ನಿಮಗೇಕೆ ತಿಳಿಯಲಿಲ್ಲ? ನೀವು ಓಡಿಸಿದ ಗಾಡಿ ಕೆಟ್ಟರೆ ಕಂಪನಿಯ ಎಂಜಿನಿಯರ್ ಪಕ್ಕದಲ್ಲೇ ನಿಂತಿದ್ದ. ನಮ್ಮದು ಕೆಟ್ಟರೆ ಬಿಡಿಭಾಗ ಬಂದಿಲ್ಲ ಎಂಬ ಉತ್ತರದೊಂದಿಗೆ ವಾರಗಟ್ಟಲೆ ಶೆಡ್ಡಿನಲ್ಲಿ ಧೂಳು ಹಿಡಿಯುತ್ತದೆ, ಕಂತು ಮಾತ್ರ ತಿಂಗಳ ಐದಕ್ಕೆ ತಪ್ಪದೆ ಕಡಿತವಾಗುತ್ತದೆ.

ಎದುರುವಾದಗಳಲ್ಲಿ ಬಲವಾದದ್ದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಹೀಗೆ ತಪ್ಪು ಹುಡುಕುತ್ತಾ ಹೋದರೆ ಜನ ವಿದ್ಯುತ್ ಗಾಡಿಗೆ ಬೆನ್ನು ಹಾಕುತ್ತಾರೆ, ಹೊಗೆಯಿಲ್ಲದ ಊರಿನ ಕನಸಿಗೆ ನೀವೇ ಕಲ್ಲು ಹಾಕುತ್ತೀರಿ ಎಂದು ಪರಿಸರದ ಕಾಳಜಿಯುಳ್ಳ ಗೆಳೆಯರು ಹೇಳುತ್ತಾರೆ. ತುರ್ಭೆ, ಮಹಾಪೆಯ ಕೈಗಾರಿಕಾ ಪಟ್ಟಿಯ ಗಾಳಿ ಉಸಿರಾಡುವ ನನಗೆ ಆ ಕನಸಿನ ಬೆಲೆ ಗೊತ್ತು, ನನಗೂ ಅದು ಬೇಕು. ಅದಕ್ಕಾಗಿಯೇ ಹೇಳುತ್ತೇನೆ, ಹುಸಿ ಹೊಗಳಿಕೆ ನಂಬಿ ಕೊಂಡು ಮಳೆಗಾಲದಲ್ಲಿ ನಡುರಸ್ತೆಯಲ್ಲಿ ನಿಂತವನು ಮತ್ತೆ ಪೆಟ್ರೋಲಿಗೆ ಮರಳುತ್ತಾನೆ, ಮರಳುವಾಗ ತನ್ನ ಕಟ್ಟಡದ ಹತ್ತು ಮನೆಯವರನ್ನೂ ಎಚ್ಚರಿಸುತ್ತಾನೆ. 100 ಎಂದು ಹೇಳಿ 100 ಕೊಟ್ಟ ಗಾಡಿ ಗಳಿಸುವ ವಿಶ್ವಾಸವನ್ನು 150 ಎಂದು ಹೇಳಿ 105 ಕೊಟ್ಟ ಗಾಡಿ ಗಳಿಸದು. ಪರಿಸರದ ಹೆಸರಿನಲ್ಲಿ ಸುಳ್ಳಿಗೆ ರಿಯಾಯಿತಿ ಕೊಡುವುದನ್ನು ನಾನು ಒಪ್ಪಲಾರೆ. ತಾಳಿಕೊಳ್ಳುವ ಶಕ್ತಿ ಇಲ್ಲದವರ ಮೇಲೇ ಆ ರಿಯಾಯಿತಿಯ ಹೊರೆ ಬೀಳುತ್ತದೆ.

ಇನ್ನೊಂದು ವಾದ: ಒಂದೆರಡು ವರ್ಷ ಗಾಡಿ ಇಟ್ಟುಕೊಂಡು ಪರೀಕ್ಷಿಸಲು ಯಾವ ಪತ್ರಿಕೆಗೆ ತ್ರಾಣವಿದೆ? ಅಮೆರಿಕದಲ್ಲಿ 1936ರಲ್ಲಿ ಹುಟ್ಟಿದ ಕನ್ಸ್ಯೂಮರ್ಸ್ ಯೂನಿಯನ್ ತನ್ನ ಪತ್ರಿಕೆಗೆ ಜಾಹೀರಾತು ತೆಗೆದುಕೊಳ್ಳದೆ, ಪರೀಕ್ಷೆಯ ವಸ್ತುಗಳನ್ನು ಅಂಗಡಿಯಿಂದ ಸಾಮಾನ್ಯ ಗಿರಾಕಿಯಂತೆ ಕೊಂಡು, ಸದಸ್ಯರಿಂದ ವರ್ಷವರ್ಷವೂ ಅವರ ವಾಹನ ಎಷ್ಟು ಸಲ ಕೆಟ್ಟಿತೆಂದು ಕೇಳಿ ಬರೆಯುತ್ತಾ ಬಂದಿದೆ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ತನ್ನದೇ ಪ್ರಯೋಗಾಲಯದಲ್ಲಿ ವಸ್ತುಗಳನ್ನು ಹೋಲಿಸಿ ನೋಡಿದೆ. ಮುಂಬೈಯಲ್ಲೇ 1966ರಿಂದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಇದೆ. ತ್ರಾಣವಿಲ್ಲ ಎಂಬುದಕ್ಕಿಂತ ಆ ಕಡೆ ಮನಸ್ಸಿಲ್ಲ ಎಂಬುದು ಸತ್ಯಕ್ಕೆ ಹತ್ತಿರ. ಸರ್ಕಾರದ ಪಾಲೂ ಇದರಲ್ಲಿದೆ. ಫ್ರಿಜ್ಜಿಗೆ 2006ರಿಂದ ನಕ್ಷತ್ರದ ಚೀಟಿ ಇದೆ, ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆಂದು ಅದರಲ್ಲಿ ಬರೆದಿದೆ. ಕಾರುಗಳಿಗೆ 2023ರಿಂದ ಅಪಘಾತದ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಬಂತು. ದೇಶದ ಬಹುಜನ ಓಡಾಡುವ ದ್ವಿಚಕ್ರ ವಾಹನಕ್ಕೆ ಅಂಥದೊಂದು ಚೀಟಿ ಇನ್ನೂ ಇಲ್ಲ.

ಮಾಲೀಕರೇ ವಿಡಿಯೊ ಮಾಡಿ ಹಾಕುತ್ತಾರಲ್ಲ, ಅದು ಸಾಲದೇ ಎಂದು ಕೇಳುವವರಿದ್ದಾರೆ. ಒಬ್ಬ ಮಾಲೀಕನ ಸಿಟ್ಟೂ ಒಬ್ಬ ಮಾಲೀಕನ ಅಭಿಮಾನವೂ ಸಾಕ್ಷ್ಯದ ಒಂದೊಂದು ತುಣುಕು. ಇಪ್ಪತ್ತು ಮಾಲೀಕರನ್ನು ಒಂದೇ ಪ್ರಶ್ನಾವಳಿಯಿಂದ ಕೇಳಿ, ಅವರ ಸರ್ವಿಸ್ ಕಾಗದ ನೋಡಿ, ಹೊಂದಿಸಿ ಬರೆದರೆ ಅದು ವಿಮರ್ಶೆ. ಆ ದುಡಿಮೆಯನ್ನು ಮಾಡಬೇಕಾದವರು ಕೈತೊಳೆದುಕೊಂಡು ಮಾಲೀಕರ ಕಡೆಗೆ ಬೆರಳು ತೋರಿಸಬಾರದು.

ಬ್ಯಾಟರಿಯ ಆರೋಗ್ಯ ಅಳೆಯಲಾಗದ ಗುಟ್ಟೇನೂ ಅಲ್ಲ. 2024ರಲ್ಲಿ ಕಂಪನಿಗಳು ಒಂದರ ಹಿಂದೊಂದರಂತೆ ಎಂಟು ವರ್ಷ, 80,000 ಕಿಲೋಮೀಟರಿನ ವಾರಂಟಿ ಘೋಷಿಸಿದವು. ಏಥರ್ ಎಂಟು ವರ್ಷಕ್ಕೆ 70 ಪರ್ಸೆಂಟ್ ಆರೋಗ್ಯದ ಮಾತು ಕೊಟ್ಟಿತು. ಕೊಡಬೇಕಾದರೆ ಓಡುತ್ತಿರುವ ಗಾಡಿಗಳ ಬ್ಯಾಟರಿಗಳು ಹೇಗೆ ಸವೆಯುತ್ತಿವೆ ಎಂಬ ಲೆಕ್ಕ ಅವರ ಬಳಿ ಇರಲೇಬೇಕು. ಆ ಲೆಕ್ಕವನ್ನು ಊರುವಾರು ಕೊಡಿ, ಕರಾವಳಿಯಲ್ಲಿ ಎಷ್ಟು, ಒಣನಾಡಿನಲ್ಲಿ ಎಷ್ಟು ಎಂದು ಯಾವ ಪತ್ರಿಕಾಗೋಷ್ಠಿಯಲ್ಲೂ ಪಟ್ಟು ಹಿಡಿದು ಕೇಳಿದ್ದನ್ನು ನಾನು ನೋಡಿಲ್ಲ. ಹಳೆಯ ಗಾಡಿಯ ಮಾರುಕಟ್ಟೆಯಲ್ಲಿ ಬೆಲೆ ಕಟ್ಟಲು ಕೂಡ ಅದೇ ಅಂಕಿ ಬೇಕು. ಅದಿಲ್ಲದೆ ಕೊಳ್ಳುವವನೂ ಮಾರುವವನೂ ಕತ್ತಲಲ್ಲಿ ಚೌಕಾಸಿ ಮಾಡುತ್ತಿದ್ದಾರೆ.

ಒಳ್ಳೆಯ ಪರೀಕ್ಷೆಗೆ ಬೇಕಾದ ಗಾಡಿಗಳು ನಮ್ಮ ಬೀದಿಯಲ್ಲೇ ಓಡಾಡುತ್ತಿವೆ. ಸಾನಪಾಡಾದ ಹೋಟೆಲುಗಳ ಮುಂದೆ ಸಂಜೆ ಸಾಲುಗಟ್ಟಿ ನಿಲ್ಲುವ ಡೆಲಿವರಿ ಹುಡುಗರನ್ನು ನೋಡಿ. ಅವರು ಒಂದು ತಿಂಗಳಲ್ಲಿ ಗಾಡಿಗೆ ಕೊಡುವ ಕೆಲಸವನ್ನು ನಾವು ಆರು ತಿಂಗಳಲ್ಲಿ ಕೊಡುವುದಿಲ್ಲ. ಯಾವ ಗಾಡಿಯ ಬ್ರೇಕ್ ಶೂ ಬೇಗ ಸವೆಯುತ್ತದೆ, ಯಾವುದರ ಸ್ಟ್ಯಾಂಡ್ ಸೆನ್ಸರ್ ಮಳೆಯಲ್ಲಿ ಕೈಕೊಡುತ್ತದೆ ಎಂಬುದು ಅವರಿಗೆ ಬಾಯಿಪಾಠ. ಬೆಂಗಳೂರಿನಲ್ಲಿ 2017ರಲ್ಲಿ ಆರಂಭವಾದ ಯುಲು ನವಿ ಮುಂಬೈಗೂ ಬಂದು ಬಾಡಿಗೆಗೆ ಸೈಕಲ್ಲನ್ನೂ ಸಣ್ಣ ವಿದ್ಯುತ್ ಬೈಕನ್ನೂ ಬಿಟ್ಟಿತು. ಮೋಟಾರು 250 ವಾಟ್ ಮೀರದ, ವೇಗ 25 ಕಿಲೋಮೀಟರ್ ಮೀರದ ಇಂಥವಕ್ಕೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಕಾಲೇಜಿನ ಹುಡುಗಿಯರಿಂದ ಕೊರಿಯರ್ ಹುಡುಗರವರೆಗೆ ಬಳಸುವ ಈ ವರ್ಗದ ಗಾಡಿಗಳತ್ತ ದೊಡ್ಡ ವಿಮರ್ಶಕರು ತಿರುಗಿಯೂ ನೋಡುವುದಿಲ್ಲ, ಟ್ರ್ಯಾಕಿನಲ್ಲಿ ಅವು ರೋಮಾಂಚನ ಕೊಡುವುದಿಲ್ಲವಲ್ಲ. 2025ರಲ್ಲಿ ಮಹಾರಾಷ್ಟ್ರ ಸರ್ಕಾರ ವಿದ್ಯುತ್ ಬೈಕ್ ಟ್ಯಾಕ್ಸಿಗೆ ಒಪ್ಪಿಗೆ ಕೊಟ್ಟಿತು. ಇನ್ನು ಹಿಂದಿನ ಸೀಟಿನಲ್ಲಿ ಅಪರಿಚಿತರನ್ನು ಕೂರಿಸಿಕೊಂಡು ದಿನವಿಡೀ ಓಡುವ ಗಾಡಿಗಳು ಹೆಚ್ಚುತ್ತವೆ. ಹಿಂದಿನ ಸವಾರನ ಕಾಲಿಡುವ ಜಾಗವನ್ನೂ ಹಿಡಿಯನ್ನೂ ಆಗಲಾದರೂ ಯಾರಾದರೂ ಪರೀಕ್ಷಿಸಬೇಕು.

ಮುಂಬೈ, ನವಿ ಮುಂಬೈ, ಡೊಂಬಿವಲಿಯ ಕನ್ನಡ ಸಂಘಗಳಿಗೆ ನನ್ನದೊಂದು ಬೇಡಿಕೆ ಇದೆ. ನಮ್ಮಲ್ಲಿ ಹೋಟೆಲಿನವರು, ಬ್ಯಾಂಕಿನವರು, ಮೇಷ್ಟ್ರುಗಳು, ಎಪಿಎಂಸಿಯಲ್ಲಿ ಲೆಕ್ಕ ಬರೆಯುವವರು, ಎಲ್ಲ ಬಗೆಯ ಸವಾರರಿದ್ದಾರೆ. ಎರಡು ವರ್ಷ ದಾಟಿದ ವಿದ್ಯುತ್ ಗಾಡಿಯುಳ್ಳವರನ್ನು ಮಳೆಗಾಲ ಮುಗಿದ ಒಂದು ಭಾನುವಾರ ಸಭಾಂಗಣಕ್ಕೆ ಗಾಡಿ ಸಮೇತ ಕರೆಯಿರಿ. ಓಡಿದ ದೂರ, ಈಗ ಸಿಗುವ ರೇಂಜ್, ಸರ್ವಿಸ್ ಸೆಂಟರಿನಲ್ಲಿ ಕಳೆದ ದಿನಗಳು, ಕೊಟ್ಟ ದುಡ್ಡು, ಇಷ್ಟನ್ನು ಬರೆದುಕೊಳ್ಳಿ. ಹೆಸರು ಬೇಡ, ಕಂಪನಿ ಮತ್ತು ಮಾದರಿ ಸಾಕು. ಮುಂಬೈಯ ಕನ್ನಡ ಪತ್ರಿಕೆಗಳು ಅದನ್ನು ಹಾಗೆಯೇ ಅಚ್ಚುಮಾಡಲಿ. ಯಾವ ವಾಹನ ಪತ್ರಿಕೆಯೂ ಕೊಡದಿರುವ ಮಾಹಿತಿ ಒಂದೇ ಬೆಳಗಿನಲ್ಲಿ ಸಿಗುತ್ತದೆ.

ಅಷ್ಟರವರೆಗೆ ವಿಮರ್ಶಕರಿಂದ ಕನಿಷ್ಠ ಪ್ರಾಮಾಣಿಕತೆಯನ್ನಾದರೂ ಕೇಳೋಣ. ಪ್ರಭಾವಿಗಳು ತಾವು ಪಡೆದ ಉಡುಗೊರೆ, ಪ್ರಯಾಣ, ವಸತಿಯನ್ನು ಬಹಿರಂಗಪಡಿಸಬೇಕೆಂದು ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಜೊತೆಗೆ ಇನ್ನೂ ಮೂರು ವಿವರ ವಿಮರ್ಶೆಯ ಶೀರ್ಷಿಕೆಯ ಕೆಳಗೇ ಬರಬೇಕು: ಗಾಡಿ ಕೊಟ್ಟವರು ಯಾರು, ಓಡಿಸಲು ಕೂತಾಗ ಓಡೋಮೀಟರಿನಲ್ಲಿ ಎಷ್ಟಿತ್ತು, ಎಷ್ಟು ದಿನದ ಮೇಲೆ ಹಿಂತಿರುಗಿಸಿದಿರಿ. ಮುಂದಿನ ಸಲ ನಿಮ್ಮ ಮೆಚ್ಚಿನ ವಿಮರ್ಶಕ ಹೊಸ ಗಾಡಿಗೆ ಅಂಕ ಕೊಟ್ಟಾಗ ಈ ಮೂರನ್ನು ಪತ್ರ ಬರೆದು ಕೇಳಿ. ಉತ್ತರ ಬರುವವರೆಗೆ ಮುಂಗಡ ಕಟ್ಟಬೇಡಿ.